ಕಡಲುಗಳ್ಳರನ್ನು ಹುಡುಕುತ್ತ ಉಕೈರ್ ದಂಡೆಗೆ

ಒಲಾಯಾ

ಕಡಲುಗಳ್ಳರನ್ನು ಹುಡುಕಿಕೊಂಡು ಮರಳುಗಾಡಿಗೆ ಹೊರಟ ಹೆಂಗಸನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ನನ್ನ ಗಂಡ ಮಂಗಳೂರು ವಿಮಾನ ನಿಲ್ದಾಣದಲ್ಲಿ ನಕ್ಕರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ರಿಯಾದ್ ನಗರದಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಕಾಣಲು ಗಂಟೆಗಟ್ಟಲೆ ಪ್ರಯಾಣ ಮಾಡಬೇಕು. ಆದರೆ ನನ್ನ ಗೆಳತಿ ಜೊಹರಾ ಇರುವುದು ಅಲ್ಲಿ. ಕಾಲೇಜಿನ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು, ಭಟ್ಕಳದವಳು, ಮದುವೆಯಾಗಿ ಸೌದಿಗೆ ಹೋದ ಮೇಲೆ ಪ್ರತಿ ರಜೆಯಲ್ಲೂ "ನೀ ಒಮ್ಮೆ ಬಾ ಮಾರಾಯ್ತಿ" ಎನ್ನುತ್ತಿದ್ದಳು. ಈಗ ಪ್ರವಾಸಿಗರಿಗೂ ವೀಸಾ ಸಿಗುತ್ತದೆ ಎಂದು ಗೊತ್ತಾದ ಮೇಲೆ ನನ್ನ ಬಳಿ ನೆಪ ಉಳಿಯಲಿಲ್ಲ.

ನಾನು ಕುಂದಾಪುರದ ಒಂದು ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುತ್ತೇನೆ. ನಾಲ್ಕು ಶತಮಾನದ ಹಿಂದೆ ನಮ್ಮ ಕರಾವಳಿಗೂ ಅರಬ್ಬರ ನಾಡಿಗೂ ನಡುವೆ ಓಡಾಡುತ್ತಿದ್ದ ಹಡಗುಗಳನ್ನು ಯಾರು ಯಾರು ಹೇಗೆ ದೋಚುತ್ತಿದ್ದರು ಎಂಬುದರ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಪುಸ್ತಕ ಬರೆಯುತ್ತಿದ್ದೆ. ಅದು ಅರ್ಧಕ್ಕೆ ನಿಂತಿತ್ತು.

ಜೊಹರಾಳ ಮನೆ ರಿಯಾದ್‌ನ ಒಲಾಯಾ ಬಡಾವಣೆಯ ಎತ್ತರದ ಕಟ್ಟಡವೊಂದರಲ್ಲಿ. ಸುತ್ತ ಗಾಜಿನ ಗೋಪುರಗಳು, ಕಚೇರಿಗಳು, ಅಂಗಡಿಗಳು. ನನಗೆ ಅಲ್ಲಿ ಮೊದಲು ಹಿಡಿಸಿದ್ದು ಲಿಫ್ಟು. ಒಳಗೆ ಬರುವವರೆಲ್ಲ, ಗುರುತಿರಲಿ ಬಿಡಲಿ, ಸಲಾಂ ಹೇಳಿಯೇ ಬರುತ್ತಾರೆ. ಒಳಗಿದ್ದವರೆಲ್ಲ ಉತ್ತರ ಕೊಡುತ್ತಾರೆ. ನಮ್ಮ ಊರಿನ ಫ್ಲ್ಯಾಟುಗಳಲ್ಲಿ ನೆರೆಯವರು ಲಿಫ್ಟಿಗೆ ಬಂದರೆ ನಾವು ಮೊಬೈಲ್ ನೋಡತೊಡಗುತ್ತೇವೆ. ಎರಡನೆಯ ದಿನ ನಾನೇ ಧೈರ್ಯ ಮಾಡಿ ಕೆಳಗಿನ ಅಂಗಡಿಯಿಂದ ಹಾಲು ತಂದು, ಮನೆಯವರೆಲ್ಲರಿಗೂ ಕಾಫಿ ಮಾಡಹೊರಟೆ. ಪಾತ್ರೆಯಲ್ಲಿ ಹಾಲು ಒಡೆದು ಮುದ್ದೆಯಾಯಿತು. ಡಬ್ಬಿಯ ಮೇಲಿನ ಅರಬ್ಬಿ ಓದಲು ಬಾರದೆ ನಾನು ತಂದದ್ದು ಮಜ್ಜಿಗೆ. ಜೊಹರಾಳ ಗಂಡ ರಫೀಕ್ ಅದನ್ನು ಉಪ್ಪು ಹಾಕಿಕೊಂಡು ಕುಡಿದು ನನ್ನ ಮಾನ ಉಳಿಸಿದರು.

ಆ ಸಂಜೆ ಊಟಕ್ಕೆ ಕೂತಾಗ ರಫೀಕ್ ನನ್ನ ಪುಸ್ತಕದ ಬಗ್ಗೆ ಕೇಳಿದರು. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಭಟ್ಕಳದಿಂದಲೋ ಬಸರೂರಿನಿಂದಲೋ ಅಕ್ಕಿ, ಮೆಣಸು ತುಂಬಿಕೊಂಡು ಹೊರಟ ಹಡಗಿನಲ್ಲಿ ಪೋರ್ಚುಗೀಸರ ರಹದಾರಿ ಇರಬೇಕಿತ್ತು ಎಂದೆ. ಇಲ್ಲದಿದ್ದರೆ ಹಡಗು, ಸರಕು, ಜನ ಎಲ್ಲ ಅವರ ಪಾಲು. ಆಮೇಲೆ ಡಚ್ಚರು ಬಂದರು, ಇಂಗ್ಲಿಷರು ಬಂದರು. ಶತ್ರುಗಳ ಹಡಗು ದೋಚಲು ಅವರ ಅರಸರೇ ಪರವಾನಗಿ ಕೊಡುತ್ತಿದ್ದರು. ಪರವಾನಗಿ ಇದ್ದವನು ದೋಚಿದರೆ ಊರಿನಲ್ಲಿ ಮರ್ಯಾದೆ, ಇಲ್ಲದವನು ಅದನ್ನೇ ಮಾಡಿದರೆ ನೇಣು. ಕೆಂಪು ಸಮುದ್ರದ ಬಾಯಲ್ಲಿ ಇಂಗ್ಲಿಷ್ ಹಡಗುಗಳು ಸೂರತ್ತಿನ ಹಡಗುಗಳನ್ನು ತಡೆದು ನಿಲ್ಲಿಸಿ, ತಮಗೆ ಬೇಕಾದ ಸರಕನ್ನು ತಾವು ಹೇಳಿದ ಬೆಲೆಗೇ ಇಳಿಸಿಕೊಂಡವು. ಅದನ್ನು ಅವರು ವ್ಯಾಪಾರ ಎಂದೇ ಕರೆದುಕೊಂಡರು.

"ಅಂದ್ರೆ ಕಳ್ಳನಿಗೂ ಇಕಾಮಾ ಇತ್ತು ಅಂತಾಯ್ತು" ಎಂದರು ರಫೀಕ್. ಇಕಾಮಾ ಎಂದರೆ ಸೌದಿಯಲ್ಲಿ ಹೊರಗಿನವರು ಇರಲು ಬೇಕಾದ ಪರವಾನಗಿ. ಅಲ್ಲಿನ ನಮ್ಮವರ ಮಾತು ಎಲ್ಲಿಂದ ಹೊರಟರೂ ಕೊನೆಗೆ ಅದಕ್ಕೇ ಬಂದು ಮುಟ್ಟುತ್ತದೆ. ಎಲ್ಲರೂ ನಕ್ಕೆವು. ಪುಸ್ತಕ ಯಾಕೆ ನಿಂತಿದೆ ಎಂದು ಜೊಹರಾ ಕೇಳಿದಳು.

"ಹಡಗು ಹಿಡಿದವರು ಬರೆದದ್ದೆಲ್ಲ ಉಳಿದಿದೆ" ಎಂದೆ. "ಸಿಕ್ಕಿಬಿದ್ದ ಹಡಗಿನ ಅಡಿಗೆಯವ, ಹಾಯಿ ಎಳೆಯುವವ, ಅವರಿಗೆ ಆಗ ಏನನಿಸಿತು ಅಂತ ಎಲ್ಲೂ ಇಲ್ಲ. ಅವರಿಲ್ಲದೆ ಬರೆದರೆ ಅದು ಕಳ್ಳರ ಕಥೆಯೇ ಆಗುತ್ತದೆ."

ರಫೀಕ್ ಊಟ ನಿಲ್ಲಿಸಿದರು. "ಇಸ್ಮಾಯಿಲ್ ಭಾಯಿಯನ್ನು ಕೇಳಬಹುದಲ್ಲ?"

"ಬೇಡ" ಎಂದಳು ಜೊಹರಾ.

ಇಸ್ಮಾಯಿಲ್ ಎಂದರೆ ಜೊಹರಾಳ ಅಕ್ಕ ರುಖಿಯಾಳ ಗಂಡ. ಗಂಗೊಳ್ಳಿಯವರು. ಹಿಂದೆ ಮರದ ಸರಕುಹಡಗಿನಲ್ಲಿ ಎಂಜಿನ್ ನಡೆಸುತ್ತಿದ್ದರು. ಒಮ್ಮೆ ಅವರ ಹಡಗು ಸೊಮಾಲಿಯಾದ ಹತ್ತಿರ ಕಡಲುಗಳ್ಳರ ಕೈಗೆ ಸಿಕ್ಕಿ, ಸುಮಾರು ಎರಡು ತಿಂಗಳು ಅವರ ಸುದ್ದಿಯೇ ಇರಲಿಲ್ಲ. ತಿರುಗಿ ಬಂದ ಮೇಲೆ ಆ ಬಗ್ಗೆ ಬಾಯಿ ಬಿಟ್ಟವರಲ್ಲ. ಈಗ ಅಲ್ ಅಹ್ಸಾದಲ್ಲಿ ತೋಟದ ಪಂಪುಗಳ ರಿಪೇರಿ ಅಂಗಡಿ.

"ಅವರ ಮನೆಗೆ ಹೋಗುವ" ಎಂದಳು ಜೊಹರಾ ನನಗೆ. "ಅಕ್ಕ ಹೇಗೂ ಕರೀತಿದ್ದಾಳೆ. ಆದರೆ ನೀ ಕೇಳ್ಬಾರ್ದು. ಭಾಷೆ ಕೊಡು."

ಕೊಟ್ಟೆ.

ಅಲ್ ಅಹ್ಸಾ

ರಿಯಾದ್‌ನಿಂದ ಅಲ್ ಅಹ್ಸಾದ ಮುಖ್ಯ ಊರು ಹೊಫೂಫ್‌ಗೆ ರೈಲಿದೆ. ದಾರಿಯುದ್ದಕ್ಕೂ ಮರಳು. ಕಣ್ಣಿಗೆ ಏನೂ ಸಿಗದೆ ನಾನು ನಿದ್ದೆ ಹೋಗಿದ್ದೆ. ಎಚ್ಚರಾದಾಗ ಕಿಟಕಿಯ ಹೊರಗೆ ಖರ್ಜೂರದ ಮರಗಳು, ಅವುಗಳ ಹಿಂದೆ ಮತ್ತೂ ಮರಗಳು. ಅಲ್ ಅಹ್ಸಾ ಎಂಬ ಓಯಸಿಸ್ ಅಷ್ಟು ದೊಡ್ಡದು. ನನ್ನ ಪುಸ್ತಕದ ಕಾಲದಲ್ಲಿ ಇಲ್ಲಿ ತುರ್ಕರ ಅಧಿಕಾರಿ ಇದ್ದ. ಎದುರಿನ ಕಡಲಲ್ಲಿ ಪೋರ್ಚುಗೀಸರ ಫಿರಂಗಿ ಹಡಗುಗಳಿದ್ದವು. ಇಲ್ಲಿನ ಕುದುರೆ ಮತ್ತು ಖರ್ಜೂರ ನಮ್ಮ ಕಡೆಗೆ ಬರುತ್ತಿದ್ದವು, ನಮ್ಮ ಅಕ್ಕಿ ಇಲ್ಲಿಗೆ.

ಇಸ್ಮಾಯಿಲ್ ರೈಲು ನಿಲ್ದಾಣಕ್ಕೆ ಬಂದಿದ್ದರು. ಐವತ್ತು ದಾಟಿದ, ಗಟ್ಟಿ ಕೈಗಳ ಮನುಷ್ಯ, ದಪ್ಪ ಕನ್ನಡಕ. "ಕುಂದಾಪುರದಲ್ಲಿ ಎಲ್ಲಿ ಟೀಚರ್ರೇ? ಓ, ಹಾಗಾದ್ರೆ ನಾವು ಹೊಳೆಯ ಆಚೆ ಈಚೆ" ಎಂದು ನನ್ನ ಚೀಲ ಎತ್ತಿಕೊಂಡರು. ಆಮೇಲೆ ಮನೆಯವರೆಗೂ ಅವರು ಕೇಳಿದ್ದು ಗಂಗೊಳ್ಳಿಯ ಸುದ್ದಿ: ಆ ಅಂಗಡಿ ಇದೆಯೇ, ಈ ರಸ್ತೆ ಅಗಲವಾಯಿತೇ. ಬಂದರಿನ ಬಗ್ಗೆ ಮಾತ್ರ ಏನೂ ಕೇಳಲಿಲ್ಲ.

ಮಧ್ಯಾಹ್ನದ ಊಟಕ್ಕೆ ರುಖಿಯಾ ಕೆಂಪಕ್ಕಿಯ ಅನ್ನ ಮಾಡಿದ್ದರು. ಊರಿನಿಂದ ತರಿಸಿದ್ದೇ ಎಂದರೆ ಅಲ್ಲ, ಅಲ್ಲಿಯೇ ಬೆಳೆದದ್ದು. ಮರಳುಗಾಡಿನ ನಡುವೆ ಗದ್ದೆಯಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯುತ್ತಾರೆ ಎಂದು ನಂಬಲು ನನಗೆ ಮೂರು ತುತ್ತು ಬೇಕಾಯಿತು. ನಮ್ಮ ಕುಚ್ಚಲಕ್ಕಿಯ ತಂಗಿಯ ಹಾಗಿತ್ತು. ರುಚಿ ಸ್ವಲ್ಪ ಹೆಚ್ಚು ಒರಟು.

ಊಟದಲ್ಲಿ ಇನ್ನೊಬ್ಬಳಿದ್ದಳು: ಇಸ್ಮಾಯಿಲರ ಮಗಳು ಸುಮಯ್ಯಾ. ಹದಿನೆಂಟರ ಹುಡುಗಿ, ಆ ವರ್ಷವಷ್ಟೇ ಇಂಡಿಯನ್ ಸ್ಕೂಲಿನ ಹನ್ನೆರಡನೆಯ ತರಗತಿ ಮುಗಿಸಿದವಳು. ನನ್ನ ಜೊತೆ ಇಂಗ್ಲಿಷ್, ಕನ್ನಡ ಬೆರೆಸಿ ಚೆನ್ನಾಗಿ ಮಾತಾಡಿದಳು, ಚಿಕ್ಕಮ್ಮ ಜೊಹರಾಳ ಜೊತೆ ಅವರ ಮನೆಮಾತು ನವಾಯತಿಯಲ್ಲಿ ಹರಟಿ ನಕ್ಕಳು. ತಂದೆಯ ಜೊತೆ ಒಂದು ಮಾತೂ ಇಲ್ಲ. ನೀರಿನ ಜಗ್ಗು ಬೇಕಾದರೂ ತಾಯಿಗೆ ಹೇಳಿ ತಾಯಿಯಿಂದ ತಂದೆಗೆ ಹೇಳಿಸುತ್ತಿದ್ದಳು.

ಪಾತ್ರೆ ತೊಳೆಯುವಾಗ ರುಖಿಯಾ ಕಾರಣ ಹೇಳಿದರು. "ಅವಳಿಗೆ ಹಡಗಿನ ಎಂಜಿನಿಯರ್ ಆಗ್ಬೇಕಂತೆ. ಕೊಚ್ಚಿಯ ಕಾಲೇಜಿನಲ್ಲಿ ಸೀಟೂ ಸಿಕ್ಕಿದೆ. ಇವರು ಹೂಂ ಅನ್ನೂದಿಲ್ಲ, ಊಹೂಂ ಅಂತಲೂ ಇಲ್ಲ. ಎದ್ದು ಅಂಗಡಿಗೆ ಹೋಗ್ತಾರೆ. ಕಾರಣ ಆದ್ರೂ ಹೇಳಿ ಅಂತ ಅವಳು ಅತ್ತಳು. ಕಾರಣ ನನಗೇ ಹೇಳ್ಲಿಲ್ಲ, ಅವಳಿಗೆ ಹೇಳ್ತಾರಾ? ಈ ಊರಿಗೆ ಬಂದದ್ದೇ ಇಲ್ಲಿ ಕಡಲು ಕಾಣೂದಿಲ್ಲ ಅಂತ."

ಕಾಲೇಜಿಗೆ ಉತ್ತರ ಕೊಡುವ ದಿನ ಹತ್ತಿರ ಬಂದಿತ್ತು. ಕೆಲವೇ ದಿನಗಳಲ್ಲಿ ಹೇಳದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತಿತ್ತು.

ಉಕೈರ್‌ಗೆ ಹೋಗುವ ದಾರಿ

ನಾನು ನೋಡಲೇಬೇಕೆಂದು ಬಂದಿದ್ದ ಜಾಗ ಉಕೈರ್. ಅಲ್ ಅಹ್ಸಾದ ಹಳೆಯ ಬಂದರು. ಈಗ ಹಡಗು ಬರುವುದಿಲ್ಲ. ಒಂದು ಕೋಟೆ, ಸಾಲು ಕಮಾನುಗಳ ಕಟ್ಟಡಗಳು, ಕುಟುಂಬಗಳು ರಜೆಯ ದಿನ ಬಂದು ಕೂರುವ ದಂಡೆ. ಜೊಹರಾ ಟ್ಯಾಕ್ಸಿ ಮಾಡುವ ಎಂದಳು. ಇಸ್ಮಾಯಿಲ್ ಒಪ್ಪಲಿಲ್ಲ. "ಮನೆಗೆ ಬಂದವರನ್ನು ಟ್ಯಾಕ್ಸಿಯಲ್ಲಿ ಕಳಿಸೂದುಂಟಾ? ನಾನು ಬಿಡ್ತೇನೆ. ನೀವು ನೋಡಿ ಬನ್ನಿ, ನಾನು ಗಾಡಿಯಲ್ಲಿ ಕೂತಿರ್ತೇನೆ."

ಸುಮಯ್ಯಾಳೂ ಹೊರಟಳು. ಅಪ್ಪನ ಪಕ್ಕದ ಸೀಟು ಬಿಟ್ಟು ಹಿಂದೆ ನಮ್ಮ ನಡುವೆ ಕೂತಳು.

ಕೋಟೆಯ ಕಟ್ಟಡಗಳು ನನ್ನ ಪುಸ್ತಕದ ಶತಮಾನಕ್ಕೆ ಸೇರಿದವಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು; ಎಷ್ಟೋ ಈಚಿನವು. ನನಗೆ ಬೇಕಿದ್ದದ್ದು ಆ ನೀರು. ಬಸರೂರಿನ ಅಕ್ಕಿಮೂಟೆಗಳು ಇಳಿದಿರಬಹುದಾದ ದಂಡೆ. ಜನರಿಂದ ದೂರ, ಇನ್ನೂ ಆಚೆ ಹೋದರೆ ಚೆನ್ನಾಗಿತ್ತು ಎಂದು ನಾನು ಎರಡು ಸಲ ಹೇಳಿದೆ. ಅತಿಥಿಯ ಮಾತು ತೆಗೆದುಹಾಕಲಾರದೆ ಇಸ್ಮಾಯಿಲ್ ಡಾಂಬರು ಬಿಟ್ಟು ಗಾಡಿ ತಿರುಗಿಸಿದರು. ಗಟ್ಟಿಯಂತೆ ಕಾಣುತ್ತಿದ್ದ ನೆಲದ ಮೇಲ್ಪದರ ಒಡೆದು, ಹಿಂದಿನ ಎರಡು ಚಕ್ರಗಳು ಒದ್ದೆ ಮರಳಿನಲ್ಲಿ ಹೂತವು. ಎದುರಿಗೆ, ಕಲ್ಲೆಸೆದರೆ ಮುಟ್ಟುವಷ್ಟು ಹತ್ತಿರ, ಕಡಲು.

ಟಯರಿನ ಗಾಳಿ ಇಳಿಸಿ ನೋಡಿದರು. ನಾವೆಲ್ಲ ತಳ್ಳಿದೆವು. ಜೊಹರಾಳ ಚಪ್ಪಲಿ ಮರಳಿನಲ್ಲಿ ಮಾಯವಾಯಿತು. ಗಾಡಿ ಇನ್ನೂ ಆಳಕ್ಕೆ ಕೂತಿತು. ಇಸ್ಮಾಯಿಲ್ ಗೆಳೆಯರೊಬ್ಬರಿಗೆ ಫೋನು ಮಾಡಿದರು; ಹತ್ತಿರದ ತೋಟದವರೊಬ್ಬರು ಪಿಕಪ್ ತೆಗೆದುಕೊಂಡು ಬರುತ್ತಾರೆ, ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದು ಉತ್ತರ ಬಂತು. ಗಾಡಿಯ ನೆರಳಿನಲ್ಲಿ ಚಾಪೆ ಹಾಸಿ ಕೂತೆವು. ಇಸ್ಮಾಯಿಲ್ ಕಡಲಿಗೆ ಬೆನ್ನು ಹಾಕಿ ಕೂತರು.

ನಾನು ಕೊಟ್ಟ ಭಾಷೆ ಮುರಿಯಲಿಲ್ಲ. ಅವರೇ ಕೇಳಿದರು. "ರಫೀಕ್ ಹೇಳಿದ, ನೀವು ಕಡಲುಗಳ್ಳರ ಪುಸ್ತಕ ಬರೀತೀರಂತೆ. ಹಳೇ ಕಾಲದ್ದು. ಅವರು ಹಿಡಿದ ಹಡಗನ್ನು ಎಂತ ಮಾಡ್ತಿದ್ರು?"

"ಕೆಲವನ್ನು ಸುಟ್ಟರು, ಕೆಲವನ್ನು ದೋಚಿ ಬಿಟ್ಟರು. ಚೆನ್ನಾಗಿದ್ದವನ್ನು ತಾವೇ ಇಟ್ಟುಕೊಂಡು ಬೇರೆ ಹಡಗು ಹಿಡಿಯಲಿಕ್ಕೆ ಬಳಸಿದರು."

"ಅದರಲ್ಲಿದ್ದ ಜನ?"

"ದಾರಿ ಬಲ್ಲವರನ್ನು ಬಿಡುತ್ತಿರಲಿಲ್ಲ. ದಾರಿ ತೋರಿಸು ಅಂತ ಬಲವಂತ ಮಾಡುತ್ತಿದ್ದರು."

"ಅದೇ" ಎಂದರು. ಬಹಳ ಹೊತ್ತು ಬೆರಳಿನಿಂದ ಮರಳು ಕೆದಕಿದರು. ಆಮೇಲೆ ನನಗೆ ಎಂಬಂತೆ, ಆದರೆ ಮಗಳಿಗೂ ಕೇಳುವಂತೆ ಕನ್ನಡದಲ್ಲಿ ಹೇಳತೊಡಗಿದರು.

ಮರಳಿನಲ್ಲಿ ಕೂತು

ದುಬೈಯಿಂದ ಹೊರಟ ಮರದ ಹಡಗು ಅದು. ಅಕ್ಕಿ, ಸಕ್ಕರೆ, ಹಳೆಯ ಟಯರು ತುಂಬಿತ್ತು. ನಾಖುದಾ, ಅಂದರೆ ಹಡಗಿನ ಕಪ್ಪಿತಾನ, ಕಚ್ಛಿನವನು. ಎಂಜಿನ್ ಇಸ್ಮಾಯಿಲರದು. ಅಡಿಗೆಯವನು ಹೊನ್ನಾವರದ ನಾಗ ಖಾರ್ವಿ. ಹಡಗಿನಲ್ಲಿ ಕನ್ನಡ ಮಾತಾಡುವವರು ಇವರಿಬ್ಬರೇ. ಒಂದು ಬೆಳಿಗ್ಗೆ ಎರಡು ಸಣ್ಣ ದೋಣಿಗಳು ಬಂದು ಅಂಟಿಕೊಂಡವು.

"ಬಂದೂಕು ಕಂಡಾಗ ನನಗೆ ಮೊದಲು ಅನಿಸಿದ್ದು ಎಂತ ಗೊತ್ತುಂಟಾ ಟೀಚರ್ರೇ? ನಾಗನ ಗಂಜಿ ಒಲೆ ಮೇಲೆ ಉಂಟು, ಉಕ್ಕಿ ಹೋಗ್ತದೆ ಅಂತ. ಹೆದರಿಕೆ ಆಮೇಲೆ ಬಂತು."

ಬಂದವರಿಗೆ ಸರಕು ಬೇಕಿರಲಿಲ್ಲ. ಹಡಗೇ ಬೇಕಿತ್ತು. ಬಡ ಸರಕುಹಡಗನ್ನು ಕಂಡು ಯಾವ ದೊಡ್ಡ ಹಡಗಿಗೂ ಸಂಶಯ ಬರುವುದಿಲ್ಲ. ತಮ್ಮ ದೋಣಿಗಳನ್ನು ಹಿಂದೆ ಕಟ್ಟಿಕೊಂಡು, ಆಳ ಕಡಲಿಗೆ ನಡೆ ಎಂದರು. "ನಮ್ಮ ಹಡಗೇ ಕಳ್ಳರ ಹಡಗಾಯ್ತು. ನಡೆಸುವವ ನಾನು."

ಅವರಲ್ಲಿ ಮುಖ್ಯಸ್ಥನಾದವನು ಹಿಂದೆ ಮೀನು ಹಿಡಿಯುತ್ತಿದ್ದನಂತೆ. ಹೊರಗಿನ ದೊಡ್ಡ ಬೋಟುಗಳು ಬಂದು ನಮ್ಮ ಕಡಲಿನ ಮೀನೆಲ್ಲ ಬಾಚಿಕೊಂಡು ಹೋದವು, ನಾವು ಕಳ್ಳರಲ್ಲ, ಕಡಲಿನ ಕಾವಲುಗಾರರು ಎಂದು ಹಿಂದಿಯಲ್ಲೂ ಅರಬ್ಬಿಯಲ್ಲೂ ಕಲಸಿ ಹೇಳುತ್ತಿದ್ದನಂತೆ. ನನಗೆ ಹಳೆಯ ಪರವಾನಗಿಗಳು ನೆನಪಾದವು. ಅವನ ಮಾತಿನಲ್ಲಿ ನ್ಯಾಯವೂ ಇತ್ತಲ್ಲವೇ ಎಂದು ಕೇಳಿದೆ.

"ಇತ್ತು" ಎಂದರು ಇಸ್ಮಾಯಿಲ್. "ಅವನ ಮೀನು ಹೋದದ್ದು ಸುಳ್ಳಲ್ಲ. ಆದ್ರೆ ಆ ಸಿಟ್ಟು ನಾಗನ ಕಿವಿ ಮೇಲೆ ಯಾಕೆ?"

ಅವರೇ ಮುಂದುವರಿಸಿದರು.

ಕಳ್ಳರು ಮೊದಲು ಬೆನ್ನಟ್ಟಿದ ಹಡಗು ವೇಗ ಹೆಚ್ಚಿಸಿ ತಪ್ಪಿಸಿಕೊಂಡಿತು. ಕೆಲವು ವಾರ ಕಳೆದ ಮೇಲೆ ಇನ್ನೊಂದು ಕಂಡಿತು, ಚಿಕ್ಕದು, ನಿಧಾನದ್ದು. ಇಸ್ಮಾಯಿಲ್ ಕೆಳಗೆ ಎಂಜಿನ್ ಕೋಣೆಯಲ್ಲಿದ್ದರು. ಅಲ್ಲಿಂದ ಏನೂ ಕಾಣುವುದಿಲ್ಲ. ನಾಗ ಚಾ ಹಿಡಿದುಕೊಂಡು ಇಳಿದು ಬಂದ. "ಹತ್ತಿರ ಆಯ್ತು ಮಾರಾಯ. ಅಲ್ಲಿ ಒಬ್ಬ ಬಟ್ಟೆ ಒಣಗಿಸ್ತಿದ್ದಾನೆ. ಅವನಿಗೆ ಎಂತದೂ ಗೊತ್ತಿಲ್ಲ. ಅಂಗಿ ಕೊಡವಿ ಕೊಡವಿ ಹಾಕ್ತಿದ್ದಾನೆ" ಎಂದು ಹೇಳಿ ಮೇಲೆ ಹೋದ.

"ನಾನು ಚಾ ಕುಡೀಲಿಲ್ಲ. ಸ್ಪ್ಯಾನರ್ ತೆಗೆದೆ. ಎಂಜಿನ್ ನಿಂತಿತು."

ಬಂದೂಕಿನವರು ಕೆಳಗೆ ಧುಮುಕಿದರು. ಹಳೇ ಎಂಜಿನ್, ರಿಪೇರಿ ಮಾಡ್ತೇನೆ ಎಂದು ಇಸ್ಮಾಯಿಲ್ ಕೈ ಜೋಡಿಸಿದರು. ಆ ಚಿಕ್ಕ ಹಡಗು ತನಗೇನೂ ತಿಳಿಯದೆ ದೂರ ಸರಿಯಿತು. ಬೇಕೆಂದೇ ನಿಲ್ಲಿಸಿದ್ದು ಎಂದು ಅವರಿಗೆ ಸಂಶಯ. ಆದರೆ ಎಂಜಿನ್ ನಡೆಸಲು ಇಸ್ಮಾಯಿಲರ ಕೈ ಬೇಕು. ಆದ್ದರಿಂದ ಅವರನ್ನು ಮುಟ್ಟಲಿಲ್ಲ. ಸ್ವಲ್ಪ ಮೊದಲು ಕೆಳಗೆ ಹೋಗಿ ಬಂದ ನಾಗನನ್ನು ಹಿಡಿದು ಕೇಳಿದರು. ಅವನು ಹಳೇ ಎಂಜಿನ್ ಎಂದ. ಬಂದೂಕಿನ ಹಿಂಬದಿಯಿಂದ ಹೊಡೆದರು. ಪುನಃ ಅದನ್ನೇ ಹೇಳಿದ.

"ನಾನು ಮೇಲೆ ಬರುವಾಗ ಅವನ ಕಿವಿಯಿಂದ ರಕ್ತ. ನನ್ನ ಕಡೆ ನೋಡಿದ, ಒಂದು ಅಕ್ಷರ ಹೇಳ್ಲಿಲ್ಲ."

ಕೊನೆಗೆ ಡೀಸೆಲ್ ಮುಗಿಯುತ್ತ ಬಂದಾಗ ಅವರು ತಮ್ಮ ಊರಿನ ದಂಡೆಯ ಹತ್ತಿರ ಹಡಗು ನಿಲ್ಲಿಸಿ, ಅಕ್ಕಿ ಸಕ್ಕರೆ ಇಳಿಸಿಕೊಂಡು ಬಿಟ್ಟು ಹೋದರು. ಉಳಿದ ಡೀಸೆಲಿನಲ್ಲಿ ಕುಂಟುತ್ತ ಹೊರಟ ಇವರನ್ನು ದಾರಿಯಲ್ಲಿ ಒಂದು ಹಡಗು ಕಂಡು ನೆರವಾಯಿತು. ನಾಗನ ಆ ಕಿವಿ ಮತ್ತೆ ಕೇಳಲಿಲ್ಲ. ಇಬ್ಬರೂ ಊರು ಸೇರಿದರು. ಇಸ್ಮಾಯಿಲ್ ಸೌದಿಗೆ ಬಂದರು.

"ನಾಗನ ನಂಬರು ಉಂಟು ಫೋನಿನಲ್ಲಿ. ಪ್ರತಿ ಹೊಸ ಫೋನಿಗೂ ಹಾಕಿಕೊಳ್ತೇನೆ. ಒಮ್ಮೆಯೂ ಮಾಡ್ಲಿಲ್ಲ. ಎಂತ ಹೇಳಿ ಮಾತು ಸುರು ಮಾಡೂದು? ಕೆಲಸ ಮಾಡಿದ್ದು ನಾನು, ಪೆಟ್ಟು ತಿಂದದ್ದು ಅವ."

ಜೊಹರಾ ಅಳುತ್ತಿದ್ದಳು. ಸೆರೆಹಿಡಿದ ಹಡಗುಗಳನ್ನು ಬೇಟೆಗೆ ಬಳಸಿದರು ಎಂದು ನನ್ನ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೆ. ಆ ಸಾಲಿನ ಕೆಳಗೆ ಇಂಥವರು ಎಷ್ಟು ಜನ ಇದ್ದಿರಬಹುದು ಎಂದು ಅನಿಸಿತು.

ಮೊದಲು ಮಾತಾಡಿದವಳು ಸುಮಯ್ಯಾ.

"ಬಾಬಾ, ನೀವು ಯಾವ ನಟ್ಟು ತೆಗೆದದ್ದು?"

ಇಸ್ಮಾಯಿಲ್ ತಲೆ ಎತ್ತಿದರು. "ಎಂತ?"

"ಫ್ಯೂಯೆಲ್ ಬಂದ್ ಮಾಡಿದ್ರೆ ಅವರಿಗೆ ಕಾಣ್ತಿತ್ತು. ಹಾಗಾದ್ರೆ ಲೈನಿಗೆ ಗಾಳಿ ಬಿಟ್ಟಿರ್ಬೇಕು. ಫಿಲ್ಟರ್ ಹತ್ತಿರದ ನಟ್ಟಾ?"

"ಹೌದು. ಅದನ್ನು ಸ್ವಲ್ಪ ಸಡಿಲ ಮಾಡಿದೆ. ಎಂಜಿನ್ ನಿಂತ ಮೇಲೆ ಪುನಃ ಬಿಗಿ ಮಾಡಿದೆ."

"ಆಮೇಲೆ ಗಾಳಿ ತೆಗೆಯುವಾಗ ಬೇಕಂತ ನಿಧಾನ ಮಾಡಿದ್ರಿ. ಅವರ ಎದುರೇ."

"ಮತ್ತೆ? ಅವರಿಗೆ ಎಂತ ಗೊತ್ತಾಗ್ತದೆ?" ಎಂದವರು ಮಗಳನ್ನೇ ನೋಡಿದರು. "ನಿನಗೆ ಇದನ್ನೆಲ್ಲ ಯಾರು ಹೇಳಿಕೊಟ್ಟದ್ದು?"

"ನೀವೇ. ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಪಂಪಿನ ಗಾಳಿ ತೆಗೆಯುವಾಗ ಟಾರ್ಚ್ ಹಿಡಿದದ್ದು ನಾನಲ್ವಾ?"

ಇಸ್ಮಾಯಿಲ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಒರೆಸಿದ್ದು ಸಾಕಾದ ಮೇಲೂ ಒರೆಸುತ್ತಲೇ ಇದ್ದರು. ಸುಮಯ್ಯಾ ಅವರ ಪಕ್ಕಕ್ಕೆ ಸರಿದು ಕೂತಳು. "ಫೋನ್ ಕೊಡಿ ಬಾಬಾ" ಎಂದಳು. ಅವರು ಕೊಟ್ಟರು. ಅವಳೇ ಹುಡುಕಿ, ಅವಳೇ ಒತ್ತಿ, ಎಲ್ಲರಿಗೂ ಕೇಳುವಂತೆ ಇಟ್ಟಳು.

ಹೊನ್ನಾವರದಿಂದ

"ಯಾರು? ಜೋರು ಹೇಳಿ! ಇಲ್ಲಿ ಗಿರಾಕಿ ಉಂಟು!"

ನಾಗ ಖಾರ್ವಿ ಹೊನ್ನಾವರದ ಪೇಟೆಯಲ್ಲಿ ಮೀನೂಟದ ಹೋಟೆಲು ಇಟ್ಟಿದ್ದಾನೆ ಎಂದು ಆಮೇಲೆ ತಿಳಿಯಿತು. ಪಾತ್ರೆಗಳ ಸದ್ದು ಕೇಳುತ್ತಿತ್ತು.

"ನಾಗ, ನಾನು. ಇಸ್ಮಾಯಿಲ್."

ಪಾತ್ರೆಗಳ ಸದ್ದು ದೂರವಾಯಿತು. ಅವನು ಹೊರಗೆ ನಡೆದು ಬಂದಿರಬೇಕು. "ಹಾಳಾದವನೇ! ಇಷ್ಟು ವರ್ಷ ಎಲ್ಲಿ ಸತ್ತಿದ್ದಿ?"

"ಹೆದರಿದ್ದೆ ಮಾರಾಯ. ನಿನ್ನ ಕಿವಿ..."

"ಒಂದು ಉಂಟಲ್ಲ. ಹೆಂಡತಿ ಬಯ್ಯುವಾಗ ಹಾಳಾದ್ದನ್ನು ಅವಳ ಕಡೆ ತಿರುಗಿಸ್ತೇನೆ. ಸಂಸಾರ ಚಲೋ ನಡೀತದೆ."

ಇಸ್ಮಾಯಿಲ್ ನಗಲಿಲ್ಲ. "ನಾಗ, ಅವತ್ತು ಎಂಜಿನ್ ತಾನಾಗಿ ನಿಂತದ್ದಲ್ಲ. ನಾನೇ..."

"ಗೊತ್ತುಂಟು."

"ಗೊತ್ತಿದ್ದೂ ಹೇಳ್ಲಿಲ್ಲ ನೀ."

"ಅಲ್ಲ ಇಸ್ಮಾಯಿಲ್, ನಾ ಅವತ್ತು ಚಾ ಕೊಡಲಿಕ್ಕೆ ಇಳಿದದ್ದು ಅಂತ ಮಾಡಿದ್ಯಾ? ಚಾ ಯಾರು ಕೇಳಿದ್ರು? ಅಂಗಿ ಒಣಗಿಸುವವನನ್ನು ನೋಡಿದೆ. ನನ್ನ ಕೈಲಿ ಸೌಟು ಉಂಟು, ಅದರಿಂದ ಎಂತ ಮಾಡೂದು? ನಿನ್ನ ಕೈಲಿ ಸ್ಪ್ಯಾನರ್ ಉಂಟಲ್ಲ ಅಂತ ಬಂದು ಹೇಳಿ ಹೋದೆ. ಅದು ನಿನಗೆ ಗೊತ್ತಾಯ್ತು ಅಂತ ಇಷ್ಟು ದಿನ ನಾ ತಿಳ್ಕೊಂಡಿದ್ದೆ."

ಇಸ್ಮಾಯಿಲ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಆ ಕಡೆಯಿಂದ ನಾಗ ಹಲೋ ಹಲೋ ಎನ್ನುತ್ತಿದ್ದ. ಸುಮಯ್ಯಾ ಫೋನು ಎತ್ತಿಕೊಂಡಳು.

"ಅಂಕಲ್, ನಾನು ಅವರ ಮಗಳು. ಬಾಬಾ ಅಳ್ತಿದ್ದಾರೆ. ಚೆನ್ನಾಗಿದ್ದಾರೆ."

"ಅಳಲಿ ಬಿಡು. ನೀ ಎಂತ ಓದ್ತಿ ತಂಗಿ?"

ಅವಳು ತಂದೆಯ ಮುಖ ನೋಡಿದಳು. ಆಮೇಲೆ ಗಟ್ಟಿಯಾಗಿ ಹೇಳಿದಳು. "ಹಡಗಿನ ಎಂಜಿನಿಯರಿಂಗ್. ಸೀಟ್ ಸಿಕ್ಕಿದೆ. ಬಾಬಾ ಇನ್ನೂ ಹೂಂ ಅನ್ನಲಿಲ್ಲ."

"ಈಜು ಬರ್ತದಾ ನಿನಗೆ?"

"ಇಲ್ಲ ಅಂಕಲ್."

"ಈಜು ಬಾರದೆ ಹಡಗಿಗಾ? ಇಸ್ಮಾಯಿಲ್! ಮಗಳಿಗೆ ಎಂತ ಕಲಿಸಿದ್ದೆ ಮಾರಾಯ ನೀ ಇಷ್ಟು ವರ್ಷ?"

ಮುಖ ಮುಚ್ಚಿದ ಕೈಗಳ ಹಿಂದಿನಿಂದ ಇಸ್ಮಾಯಿಲ್ ನಗುವುದು ಕೇಳಿಸಿತು.

ದಂಡೆ

ಪಿಕಪ್ ತಂದವರು ಅಬೂ ಫಹದ್ ಎಂಬ ಹಿರಿಯರು. ಉದ್ದನೆಯ ಬಿಳಿ ನಿಲುವಂಗಿ, ಬರಿಗಾಲು. ನಮ್ಮ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ತಲೆ ಅಲ್ಲಾಡಿಸಿ, ತಮ್ಮ ಗಾಡಿಯಿಂದ ತೆಗೆದದ್ದು ಹಗ್ಗವಲ್ಲ, ಕಾಫಿಯ ಹೂಜಿ. ಇಸ್ಮಾಯಿಲ್ ಅವಸರ ಮಾಡಿದರೆ, ಗಾಡಿ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಕೂತುಕೊಳ್ಳಿ ಎಂದರಂತೆ. ಜೊಹರಾ ನನಗೆ ಹೇಳಿದಳು. ನಮ್ಮ ಕಡೆ ಘಾಟಿಯಲ್ಲಿ ಬಸ್ಸು ಕೆಟ್ಟರೆ ಹತ್ತು ಜನ ಸೇರಿ ಹತ್ತು ಉಪಾಯ ಹೇಳುತ್ತಾರೆ; ಯಾರೂ ಕಾಫಿ ಕೊಟ್ಟದ್ದಿಲ್ಲ.

ಏಲಕ್ಕಿ ಹಾಕಿದ ಹೊಂಬಣ್ಣದ ಕಾಫಿ, ಖರ್ಜೂರ. ಹಿಡಿ ಇಲ್ಲದ ಪುಟ್ಟ ಬಟ್ಟಲು ಖಾಲಿಯಾದಂತೆ ಅವರು ತುಂಬುತ್ತಿದ್ದರು. ಉಳಿಸಿದರೆ ತಪ್ಪಾದೀತೆಂದು ನಾನು ಕುಡಿಯುತ್ತಲೇ ಹೋದೆ. ನನ್ನ ಎದೆ ಡವಗುಟ್ಟತೊಡಗಿದ ಮೇಲೆ ಸುಮಯ್ಯಾ ಕಿವಿಯಲ್ಲಿ ಹೇಳಿದಳು: "ಮಿಸ್, ಸಾಕು ಅಂತಿದ್ರೆ ಕಪ್ ಅಲ್ಲಾಡಿಸ್ಬೇಕು." ಅಲ್ಲಾಡಿಸಿದೆ. ಅಬೂ ಫಹದ್ ಗಂಭೀರವಾಗಿ ತಲೆಬಾಗಿ ಹೂಜಿ ಕೆಳಗಿಟ್ಟರು. ನನ್ನ ಕುಡಿತದ ಸಾಮರ್ಥ್ಯಕ್ಕೆ ಅವರಿಗೆ ಗೌರವ ಬಂದಿತ್ತು ಎಂದು ಕಾಣುತ್ತದೆ.

ಆಮೇಲೆ ಹಗ್ಗ ಕಟ್ಟಿ, "ಯಲ್ಲಾ", ಅಂದರೆ ನಡೆ ಇನ್ನು, ಎಂದು ಒಂದೇ ಎಳೆತಕ್ಕೆ ಗಾಡಿಯನ್ನು ಗಟ್ಟಿ ನೆಲಕ್ಕೆ ತಂದು ನಿಲ್ಲಿಸಿ, ನಮ್ಮ ಧನ್ಯವಾದ ಮುಗಿಯುವ ಮೊದಲೇ ಹೊರಟುಹೋದರು.

ಇನ್ನು ಹೊರಡುವುದಷ್ಟೇ. ಬಿಸಿಲು ಇಳಿದಿತ್ತು. ಜೊಹರಾ ಮರಳಿನಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ಇಸ್ಮಾಯಿಲ್ ಗಾಡಿಯ ಬಾಗಿಲು ತೆರೆದವರು ಹತ್ತಲಿಲ್ಲ. ನನ್ನ ಹತ್ತಿರ ಬಂದರು.

"ಟೀಚರ್ರೇ, ಬರೆಯುವುದಾದ್ರೆ ಬರೀರಿ. ಹೆಸರು ಬದಲಿಸಿ. ನನ್ನದೂ ನಾಗನದೂ. ಆದ್ರೆ ಅಡಿಗೆಯವನನ್ನು ಬಿಡ್ಬೇಡಿ. ನಿಮ್ಮ ಹಳೇ ಹಡಗಿನಲ್ಲೂ ಒಬ್ಬ ಅಡಿಗೆಯವ ಇದ್ದೇ ಇರ್ತಾನೆ."

ಬದಲಿಸಿದ್ದೇನೆ. ನಿಂತುಹೋದ ಪುಸ್ತಕವನ್ನು ಮತ್ತೆ ಮೊದಲಿನಿಂದ ಬರೆಯುತ್ತಿದ್ದೇನೆ. ಅದು ಈಗ ಕಪ್ಪಿತಾನನಿಂದ ಆರಂಭವಾಗುವುದಿಲ್ಲ. ನಾಲ್ಕು ಶತಮಾನದ ಹಿಂದಿನ ಆ ಜನರ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ, ಸಿಗುವುದೂ ಇಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ. ಆದರೆ ಅವರು ಅಲ್ಲಿದ್ದರು, ಅವರಿಗೂ ಒಂದು ಕ್ಷಣ ಏನು ಮಾಡಲಿ ಎಂದು ಅನಿಸಿತ್ತು ಎಂಬುದನ್ನು ಬರೆಯದೆ ಬಿಡುವುದಿಲ್ಲ.

ಇಸ್ಮಾಯಿಲ್ ಮಗಳ ಕಡೆ ತಿರುಗಿದರು. "ಕೊಚ್ಚಿಗೆ ಹೋಗುವ ಮೊದಲು ಹೊನ್ನಾವರಕ್ಕೆ ಹೋಗಿ ಬರುವ. ನಾಗನಿಗೆ ನಿನ್ನನ್ನು ತೋರಿಸ್ಬೇಕು."

ಅದು ಹೂಂ ಎಂದು ಸುಮಯ್ಯಾಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ಕಿರುಚಿದ್ದಕ್ಕೆ ದಂಡೆಯ ಹಕ್ಕಿಗಳು ಎದ್ದವು.

"ಕೂಗ್ಬೇಡ. ಅಲ್ಲಿ ಅವ ಈಜು ಬರ್ತದಾ ಅಂತ ಪುನಃ ಕೇಳ್ತಾನೆ" ಎಂದು ಇಸ್ಮಾಯಿಲ್ ಚಪ್ಪಲಿ ಕಳಚಿದರು. ಪ್ಯಾಂಟಿನ ಅಂಚು ಮಡಚಿದರು. ಮಡಚಿದ್ದು ವ್ಯರ್ಥ ಎಂದು ಅವರಿಗೂ ಗೊತ್ತಿತ್ತು. ನೀರಿನ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತರು. ಬಾಯಿಯಲ್ಲಿ ಏನೋ ಹೇಳಿಕೊಂಡರು. ಆಮೇಲೆ ಒಳಗೆ ನಡೆದರು.

ನಮ್ಮ ಕಡಲಿನಂತೆ ಅಲ್ಲಿ ತೆರೆ ಬಂದು ಬಡಿಯುವುದಿಲ್ಲ. ನೀರು ಕೆರೆಯ ಹಾಗೆ ಮಲಗಿರುತ್ತದೆ. ಎಷ್ಟು ದೂರ ನಡೆದರೂ ಸೊಂಟ ದಾಟುವುದಿಲ್ಲ. ಸುಮಯ್ಯಾ ಮೇಲೆ ತೊಟ್ಟಿದ್ದ ಕಪ್ಪು ನಿಲುವಂಗಿ ಅಬಾಯಾವನ್ನು ಜೊಹರಾಳ ಕೈಗೆ ಕೊಟ್ಟು, ಒಳಗಿನ ಉದ್ದಂಗಿ, ಪೈಜಾಮದಲ್ಲೇ ತಂದೆಯ ಹಿಂದೆ ಹೋದಳು. ಅವರು ಅವಳನ್ನು ಬೆನ್ನ ಮೇಲೆ ಮಲಗಿಸಿದರು. ಅವಳು ಒಮ್ಮೆ ಮುಳುಗಿ ಎದ್ದು ಕೆಮ್ಮಿದಳು. ಮತ್ತೊಮ್ಮೆ ಮುಳುಗಿದಳು. ಮತ್ತೆ ಮಲಗಿಸಿದರು. ದಂಡೆಗೆ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಮೈ ಬಿಗಿ ಹಿಡಿಬೇಡ. ಸಡಿಲ ಬಿಡು. ಕತ್ತು ಹಿಂದೆ. ಆಕಾಶ ನೋಡು."

"ಬಾಬಾ, ಹಿಡ್ಕೊಂಡಿದ್ದೀರಲ್ವಾ?"

"ಹಿಡ್ಕೊಂಡಿದ್ದೇನೆ."

ಅವಳು ಕಣ್ಣು ಮುಚ್ಚಿ ನೀರಿನ ಮೇಲೆ ಚಾಪೆಯಂತೆ ಹರಡಿಕೊಂಡಿದ್ದಳು. ಇಸ್ಮಾಯಿಲ್ ಅವಳ ಪಕ್ಕದಲ್ಲಿ ಸೊಂಟದವರೆಗಿನ ನೀರಿನಲ್ಲಿ ಅಲ್ಲಾಡದೆ ನಿಂತಿದ್ದರು. ಅವರ ಎರಡೂ ಕೈಗಳು ನೀರಿನಿಂದ ಮೇಲೆ, ಗಾಳಿಯಲ್ಲಿದ್ದವು.